ಮಾತು ಚೆನ್ನಾಗಿ ಕೇಳೋ ಮಾಡಲ್

…ಬೇಡ ಬೇಡ, ಅಷ್ಟು ಹತ್ರ ಹೋಗ್ಬೇಡ ಕಣೆ! ಹತ್ರ ಹೋದ್ರೆ ಏನೂ ಗೊತ್ತಾಗಲ್ಲ. ನಲವತ್ಮೂರು ಇಂಚು ಟಿವಿ ಅದು, ಏಳಡಿ ದೂರ ಕೂತು ನೋಡ್ಬೇಕಂತೆ. ಅಂಗಡಿಯವರೇ ಹೇಳಿದ್ದು. ಇಲ್ಲಿ ಬಾ, ಈ ಕುರ್ಚೀಲಿ ಕೂತ್ಕೊ. ಹ್ಞಾ, ಅಂಗೆ. ಬ್ಯಾಗು ಕೆಳಗಿಡೇ, ಯಾಕೆ ತೊಡೆ ಮೇಲೆ ಇಟ್ಕೊಂಡಿದೀಯ? ಇದೇನು ಬಸ್‌ಸ್ಟ್ಯಾಂಡಾ? ನಿನ್ ಮನೆ ಸುಷ್ಮಿ, ನಿನ್ ಮನೇಗೇ ಬಂದಿರೋದು ನೀನು.

ಒಂದೂವರೆ ತಿಂಗಳಾಯ್ತು ನೀನು ಹೋಗಿ. ಮೂಗೂರಲ್ಲಿ ನಿಮ್ಮಮ್ಮ ಚೆನ್ನಾಗಿ ನೋಡ್ಕೊಂಡಿದಾರೆ ಬುಡು, ಮುಖದಲ್ಲಿ ಒಂಚೂರು ಕಳೆ ಬಂದಿದೆ. ನಿಜ್ವಾಗ್ಲೂ! ಕಾಫಿ ಮಾಡ್ಲಾ? ಬೇಡ್ವಾ? ಸರಿ, ಆಮೇಲೆ ಮಾಡ್ತೀನಿ.

ಏನು… ಹಳೇದಾ? ಹಳೇ ಟಿವಿ ಕೆಟ್ಟೋಯ್ತು ಕಣೆ. ನೀನೇ ನೋಡಿದ್ಯಲ್ಲ, ನಡುಮಧ್ಯ ಹಸಿರು ಗೆರೆ ಬಂದಿತ್ತು. ಎಕ್ಸ್‌ಚೇಂಜಲ್ಲಿ ಕೊಟ್ಬುಟ್ಟೆ. ನಿಂಗೊಂದು ಮಾತು ಹೇಳ್ಬೇಕಿತ್ತು, ಹೇಳ್ಬೇಕಿತ್ತು, ಒಪ್ಕೋತೀನಿ. ಬಂದು ನೋಡ್ಲಿ, ಖುಷಿಯಾಗ್ಲಿ ಅಂತ ಸುಮ್ನಿದ್ದೆ.

ಗೊತ್ತು. ನಿನ್ ಕಣ್ಣು ಏನು ಹುಡುಕ್ತಿದೆ ಅಂತ ನಂಗೊತ್ತಿಲ್ವಾ? ಲಹರಿ ವಿಡಿಯೋ. ಬಸ್ಸತ್ತಿದಾಗಿಂದ ಅದನ್ನೇ ಅಂದ್ಕೊಂಡು ಬಂದಿರ್ತೀಯ, ಮನೆ ಸೇರ್ಕೊಂಡ ತಕ್ಷಣ ಟಿವಿ ಹಾಕ್ಬೇಕು, ಮಗಳನ್ನ ನೋಡ್ಬೇಕು ಅಂತ. ಹನ್ನೊಂದು ತಿಂಗಳಾಯ್ತು ಡೆಂಗ್ಯೂ ಅವಳನ್ನ ಎತ್ಕೊಂಡೋಗಿ. ಈಗ ಅವಳು ಮಾತಾಡೋದು ಅಂತ ಇರೋದು ಅದೊಂದ್ರಲ್ಲೇ. ನೋಡುವಂತೆ, ಹಾಕ್ತೀನಿ. ಅದಿರೋ ಪೆನ್‌ಡ್ರೈವ್ ಎಲ್ಲಿಗೋಗುತ್ತೆ? ಇದೆ. ಜೋಪಾನವಾಗಿ ಎತ್ತಿಟ್ಟಿದೀನಿ. ಅದಕ್ಕೆ ಮುಂಚೆ ಈ ಟಿವಿ ಕಥೆ ಕೇಳು, ಅಳೆದೂ ಸುರಿದೂ ಎಷ್ಟು ಒದ್ದಾಡಿ ತಂದಿದೀನಿ ಅಂತ. ಒಂದೈದು ನಿಮಿಷ ಕಣೆ, ಕೇಳ್ತೀಯಾ?

ದೇವರಾಜ ಮೊಹಲ್ಲಾದಲ್ಲಿ ಆ ಮೂರು ಮಹಡಿ ಅಂಗಡಿ ಇದೆ ನೋಡು, ಅಲ್ಲಿಗೆ ಹೋದೆ. ಒಂದೇ ಕಂಪ್ನೀದು ಐದು ಮಾಡಲ್ಲು, ಸಾಲಾಗಿ ಗೋಡೆಗೆ ಹೊಡ್ದಿದಾರೆ. ಐದರಲ್ಲೂ ಒಂದೇ ಗಿಣಿ ಹಾರ್ತಿದೆ! ಮೊದಲನೇದ್ರಲ್ಲಿ ಗಿಣಿ ಹಸ್ರು. ಎರಡನೇದ್ರಲ್ಲಿ ಇನ್ನೂ ಹಸ್ರು. ಐದನೇದ್ರ ಹತ್ರ ಬರೋಷ್ಟೊತ್ಗೆ ಪುಕ್ಕ ಎಣಿಸ್ಬೋದು, ಅಷ್ಟು ನಿಚ್ಚಳ. ಸಿಂಚನ ಅಂತ ಒಂದು ಹುಡುಗಿ ಬಂತು, ಸೇಲ್ಸಲ್ಲಿರೋದು. "ಬಜೆಟ್ ಎಷ್ಟು ಸಾರ್" ಅಂತು. ಬಜೆಟ್ ಅಂಗಿರ್ಲಿ ತಾಯಿ, ಮೊದ್ಲು ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಹೇಳು ಅಂದೆ. ನನ್ ಬುದ್ಧಿ ಗೊತ್ತಲ್ಲ ನಿಂಗೆ! ಹದಿನಾಲ್ಕು ವರ್ಷದಿಂದ ಹೆಬ್ಬಾಳದ ಫ್ಯಾಕ್ಟ್ರೀಲಿ ಇನ್‌ಸ್ಪೆಕ್ಷನ್ ಟೇಬಲ್ಲಲ್ಲಿ ಕೂತಿರೋನು. ಶಿಫ್ಟಿಗೆ ನಾನೂರು ಪೀಸು ಕೈಮೇಲೆ ಹೋಗುತ್ತೆ, ಒಂದ್ರಲ್ಲಿ ಒಂದು ಸ್ಕ್ರೂ ಇಲ್ದಿದ್ರೂ ಪಕ್ಕಕ್ಕಿಟ್ಬುಡ್ತೀನಿ. ಜೇಬಿಂದ ಚೀಟಿ ತೆಗ್ದು ಐದು ಕಾಲಂ ಹಾಕ್ದೆ. ಆ ಹುಡುಗಿ ನಗು ತಡ್ಕೊಳಾಕೆ ಎಷ್ಟು ಕಷ್ಟಪಡ್ತು ಅಂತೀಯ…

ನೀನೂ ನಕ್ಕೆ ಈಗ. ನಕ್ಕೆ ಕಣೆ, ನಾನು ನೋಡ್ದೆ! ಅಲ್ವಾ? ನಗಲಿಲ್ವಾ? ಸರಿ ಬುಡು.

ಮೊದಲನೇದು ಮೂವತ್ತೆರಡು ಇಂಚು, ಎಚ್‌ಡಿ ರೆಡಿ ಅಂತಾರೆ. ಚಿಕ್ಕದು, ಚೊಕ್ಕ. ಎರಡನೇದು ನಲವತ್ತು, ಫುಲ್ ಎಚ್‌ಡಿ. ಮೂರನೇದು ನಲವತ್ಮೂರು, ಫೋರ್‌ಕೆ. ನಾಲ್ಕನೇದು ಐವತ್ತು, ಅದ್ರಲ್ಲಿ ಬಣ್ಣ ಎಂಗಿದೆ ಅಂದ್ರೆ ಕಣ್ಣಿಗೆ ಹಬ್ಬ. ಕ್ರಿಕೆಟ್ ನೋಡೋರಿಗೆ ಅದೇ ಬೇಕಂತೆ, ಬಾಲು ಓಡ್ವಾಗ ಹಿಂದೆ ಗೆರೆ ಎಳೆಯಲ್ವಂತೆ. ಐದನೇದು ಬುಡು, ಅದು ನಮ್ಮಂಥೋರಿಗಲ್ಲ, ಅದ್ರಲ್ಲಿ ಕತ್ತಲೆ ತೋರಿಸಿದ್ರೆ ಗೋಡೇಲಿ ತೂತು ಕೊರ್ದಂಗಿರುತ್ತೆ. ಎಲ್ಲಾ ಬರ್ಕೊಂಡೆ. ಬರ್ಕೊಂಡು ಕೊನೇಗೆ ಕೇಳ್ದೆ: "ಅಲ್ಲಮ್ಮ, ಗಿಣಿ ಎಲ್ಲದ್ರಲ್ಲೂ ಚೆನ್ನಾಗೇ ಇದೆ. ನಮ್ಮನೇಲಿ ಒಂದು ವಿಡಿಯೋ ಇದೆ, ಹಳೇ ಫೋನಲ್ಲಿ ತೆಗ್ದಿದ್ದು. ಅದು ಇದ್ರಲ್ಲಿ ಯಾವುದ್ರಲ್ಲಿ ಚೆನ್ನಾಗಿ ಕಾಣುತ್ತೆ ಹೇಳು."

ಯಾವ ವಿಡಿಯೋ ಸಾರ್ ಅಂತು. ಹೇಳ್ದೆ. ಎಲ್ಲಾ ಹೇಳ್ಬುಟ್ಟೆ ಕಣೆ, ಗುರುತು ಪರಿಚಯ ಇಲ್ದಿರೋ ಹುಡುಗಿ ಮುಂದೆ. ನಮ್ಮ ಮಗಳು ಟಿವಿ ಬಂದಿದ್ದ ರಟ್ಟಿನ ಡಬ್ಬಾನ ಅಟ್ಟದಿಂದ ಇಳಿಸಿ, ಮುಂದುಗಡೆ ಚೌಕ ಕೊಯ್ದು, ಅದ್ರೊಳಗೆ ಮುಖ ತೂರ್ಸಿ ವಾರ್ತೆ ಓದಿದಾಳೆ ಅಂತ. ಹನ್ನೊಂದು ನಿಮಿಷ. "ನಮಸ್ಕಾರ, ಲಹರಿ ನ್ಯೂಸ್‌ಗೆ ಸ್ವಾಗತ. ಒಂಟಿಕೊಪ್ಪಲಿನ ನಿವಾಸಿ ವಿಜಯ್‌ಕುಮಾರ್ ಅವರು ಭಾನುವಾರ ಹತ್ತು ಗಂಟೆಯಾದರೂ ಸ್ನಾನ ಮಾಡಿರುವುದಿಲ್ಲ! ಅಡುಗೆಮನೆಯಲ್ಲಿ ಮತ್ತೆ ಉಪ್ಪಿಟ್ಟು, ಸಾರ್ವಜನಿಕರ ಆಕ್ರೋಶ!" ಎಂಟು ವರ್ಷದ ಮಗು, ಎಲ್ಲಿ ಕಲಿತ್ಳು ಆ ಆಕ್ರೋಶ ಅನ್ನೋ ಪದಾನ? ಹೇಳ್ತಾ ಹೇಳ್ತಾ ನಾನು ನಗ್ತಿದೀನಿ, ಆ ಹುಡುಗೀನೂ ನಗ್ತಿದೆ. "ಈಗ ಎಷ್ಟನೇ ಕ್ಲಾಸು ಸಾರ್" ಅಂತು. ಮೂರನೇ ಕ್ಲಾಸಮ್ಮ ಅಂದೆ. ಇನ್ನೇನು ಹೇಳ್ಲಿ? ಅಂಗಡಿ ಮಧ್ಯದಲ್ಲಿ ನಿಂತ್ಕೊಂಡು ಏನಂತ ಹೇಳ್ಲಿ?

ಅಳ್ಬೇಡ. ನೋಡು, ಅತ್ರೆ ನಾನು ಹೇಳಲ್ಲ.

ಆ ಹುಡುಗಿ ಸುಳ್ಳು ಹೇಳ್ಲಿಲ್ಲ, ಅದು ಮೆಚ್ಬೇಕಾದ್ದು. "ದೊಡ್ಡ ಟಿವೀಲಿ ನಿಮ್ ವಿಡಿಯೋ ಒಡ್ದೋದಂಗೆ ಕಾಣುತ್ತೆ ಸಾರ್, ಚಿಕ್ಕದ್ರಲ್ಲೇ ಚೆಂದ" ಅಂತು. ಫೋರ್‌ಕೆ ಟಿವಿ ತಾನೇ ತಿದ್ದಿ ತೀಡಿ ತೋರ್ಸುತ್ತಂತೆ, ಆದ್ರೆ ತಿದ್ದಿದ್ರೆ ಮುಖ ನುಣ್ಣಗಾಗ್ಬುಡುತ್ತಂತೆ. ಅವಳ ಹುಬ್ಬಿನ ಮೇಲೆ ಗಾಯದ ಗುರುತಿತ್ತಲ್ಲ, ಸೈಕಲ್ಲಿಂದ ಬಿದ್ದಿದ್ದು, ಅದೂ ನುಣ್ಣಗಾಗಿ ಹೋಗ್ಬುಟ್ರೆ? ಬೇಡಪ್ಪಾ ಅಂದೆ. ಅದನ್ನ ಆಫ್ ಮಾಡೋಕೆ ಬರುತ್ತೆ ಸಾರ್ ಅಂತ ತೋರಿಸ್ತು. ಅದಾದ್ಮೇಲೇ ನಂಗೆ ಜೀವ ಬಂದಿದ್ದು.

ಆಮೇಲೆ ಸೌಂಡು. ಇದು ಮುಖ್ಯ ಕಣೆ, ಇದನ್ನ ಕೇಳು. ನಲವತ್ಮೂರ್ರಲ್ಲಿ ಎರಡು ಥರ ಇದೆ. ನೋಡೋಕೆ ಎರಡೂ ಒಂದೇ. ಆದ್ರೆ ಒಂದ್ರಲ್ಲಿ ಮಾತು ಬೇರೆ ಮಾಡುತ್ತೆ. ಅಂದ್ರೆ, ಹಿಂದುಗಡೆ ಗಲಾಟೆ ಇರುತ್ತಲ್ಲ, ಗಾಡಿ ಸದ್ದು, ಫ್ಯಾನ್ ಸದ್ದು, ಅದನ್ನೆಲ್ಲ ಕೆಳಗೆ ತಳ್ಬುಟ್ಟು ಮಾತನ್ನ ಮೇಲಕ್ಕೆ ಎತ್ತುತ್ತೆ. ನಂಗೆ ತಕ್ಷಣ ನೆನಪಾಯ್ತು. ಆ ಕುಕ್ಕರ್ ವಿಶಲ್ಲು! ಲಹರಿ ಏನೋ ಹೇಳಕ್ಕೆ ಬಾಯ್ತೆಗ್ದಿರ್ತಾಳೆ, ನಿನ್ ಕುಕ್ಕರ್ ಕೂಗ್ಬುಡುತ್ತೆ. ಎಷ್ಟು ಸಲ ಹಿಂದಕ್ಕೆ ಹಾಕಿ ಕೇಳಿದೀವಿ ನಾವು! ಅವಳು ಅಮ್ಮ ಅಂತಾಳೆ ಅಂತ ನೀನು, ಇಲ್ಲ ಅಪ್ಪ ಅಂತಾಳೆ ಅಂತ ನಾನು. ಅದಕ್ಕೇ ಇದನ್ನ ತಗೊಂಡೆ. ಇದ್ರಲ್ಲಾದ್ರೂ ಕೇಳುತ್ತೆ ಅಂತ. ದೇವ್ರಾಣೆಗೂ ಅದಕ್ಕೇ ತಗೊಂಡಿದ್ದು.

ಯಾಕೆ ಎದ್ದೆ? ಎಲ್ಲಿಗೆ? ಅಲ್ಯಾಕೆ ಕೈ ಹಾಕ್ತಿದೀಯ… ಟಿವಿ ಹಿಂದೆ ಏನಿಲ್ಲ ಕಣೆ. ಅದು ಕೇಬಲ್ಲಿಂದು. ಅದು ಸೆಟ್‌ಟಾಪ್ ಬಾಕ್ಸಿಂದು. ಹ್ಞಾ, ಅವೆರಡು ಪೆನ್‌ಡ್ರೈವ್ ಹಾಕೋ ಜಾಗ. ಮೊದಲನೇ ಮಾಡಲ್ಲಲ್ಲಿ ಒಂದೇ ಇತ್ತು, ಇದ್ರಲ್ಲಿ ಎರಡು. ಖಾಲಿ, ಹೌದು, ಖಾಲಿ. ಎತ್ತಿಟ್ಟಿದೀನಿ ಅಂದ್ನಲ್ಲ! ಬೀರೂಲಿ… ಇಲ್ಲ, ದೇವ್ರ ಮನೇಲಿ… ಎಲ್ಲೋ ಇಟ್ಟಿದೀನಿ ಮಾರಾಯ್ತಿ, ನಾನೇನು ಕದ್ದು ಮಾರ್ಕೊಂಡಿದೀನಾ?

ನೋಡು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತು ನನ್ ಕಥೆ. ಕಳ್ಳ ಅಂತ ನೀನಿನ್ನೂ ಅಂದೇ ಇಲ್ಲ.

ಸುಷ್ಮಿ, ಕೂತ್ಕೊ. ಕೂತ್ಕೊಳ್ಳೇ. ಹೇಳ್ತೀನಿ.

ಅದು ಮನೇಲಿಲ್ಲ. ಹಳೇ ಟಿವೀ ಜೊತೇಲೇ ಹೋಯ್ತು. ಅದರ ಬೆನ್ನಲ್ಲೇ ಸಿಕ್ಕುಸಿದ್ಯಲ್ಲ ನೀನು, ಯಾವತ್ತೂ ತೆಗೀತಿರ್ಲಿಲ್ವಲ್ಲ, ಅಂಗೇ ಹೋಗ್ಬುಡ್ತು. ಹೊಸಾದು ತಂದೋರು ಗಡಿಬಿಡೀಲಿ ಇದನ್ನ ಗೋಡೆಗೆ ಹೊಡುದ್ರು, ಅದನ್ನ ಎತ್ಕೊಂಡು ಇಳ್ದೇ ಹೋದ್ರು, ನಂಗೆ ಶಿಫ್ಟಿಗೆ ಹೊತ್ತಾಗಿತ್ತು, ಮರ್ತೋಯ್ತು… ಮನುಷ್ಯ ಅಂದ್ಮೇಲೆ ಮರೆಯಲ್ವಾ?

ನಾನೇನು ಸುಮ್ನೆ ಕೂತಿರ್ಲಿಲ್ಲ. ಮೂರನೇ ದಿನಕ್ಕೇ ಅಂಗಡಿಗೆ ಓಡ್ದೆ. ಹಳೇವೆಲ್ಲ ಹೆಬ್ಬಾಳದ ಗೋಡೌನಿಗೆ ಹೋಗುತ್ತೆ ಸಾರ್ ಅಂದ್ರು. ನಮ್ ಫ್ಯಾಕ್ಟ್ರಿಯಿಂದ ಎರಡೇ ಸ್ಟಾಪು! ಶಿಫ್ಟ್ ಮುಗಿಸ್ಕೊಂಡು ಐದು ದಿನ ಹೋದೆ. ಹಳೇ ಟಿವಿಗಳು ಕಣೆ, ನೂರಾರು, ಒಂದರ ಬೆನ್ನಿಗೊಂದು ಆನಿಸಿ ನಿಲ್ಸಿದಾರೆ. ಒಂದೊಂದನ್ನೂ ತಿರುಗ್ಸಿ ನೋಡ್ದೆ. ಯಾರ್ಯಾರ ಮನೇದೋ, ಒಂದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು ಇನ್ನೂ ಅಂಗೇ ಇದೆ, ಒಂದಕ್ಕೆ ಮಕ್ಳು ಸ್ಟಿಕರ್ ಅಂಟ್ಸಿದಾರೆ. ನಮ್ದೂ ಸಿಕ್ತು! ಸಿಕ್ತು ಕಣೆ, ಆ ಮೂಲೆ ಒಡ್ದಿತ್ತಲ್ಲ, ಗುರುತು ಹಿಡ್ದೆ. ತಿರುಗ್ಸಿದ್ರೆ ಬೆನ್ನು ಬೋಳು. ಅಲ್ಲಿ ಸಣ್ಣಮಾದಯ್ಯ ಅಂತ ಒಬ್ರು ವಯಸ್ಸಾದೋರು ಇದಾರೆ, ಅವರನ್ನ ಕೇಳ್ದೆ. ಅಂಗಿದ್ದೆಲ್ಲ ಕಿತ್ತು ಚೀಲಕ್ಕೆ ಹಾಕ್ತಾರಂತೆ, ರಿಮೋಟು, ವೈರು, ಎಲ್ಲಾ. ಚೀಲ ತುಂಬಿದ್ರೆ ಗುಜರಿಗೆ. ಗುಜರಿಯೋನತ್ರಾನೂ ಹೋದೆ. ಅವ್ನು ಚೀಲ ಬೋರಲು ಹಾಕಿ, ನೀವೇ ಹುಡುಕ್ಕೊಳ್ಳಿ ಸ್ವಾಮಿ ಅಂದ. ಮಂಡಿ ಊರಿ ಹುಡುಕ್ದೆ. ಸಿಗ್ಲಿಲ್ಲ ಸುಷ್ಮಿ. ಕೆಂಪು ದಾರ ಕಟ್ಟಿದ್ಯಲ್ಲ ನೀನು ಅದಕ್ಕೆ, ಕೆಂಪು ಕಂಡಿದ್ದನ್ನೆಲ್ಲ ಎತ್ತೆತ್ತಿ ನೋಡ್ದೆ. ಸಿಗ್ಲಿಲ್ಲ.

ಬೈ. ಬೈಯೇ! ಯಾಕೆ ಇಂಗೆ ನೋಡ್ತೀಯ?

ಫೋಟೋ ಇದೆಯಲ್ಲ, ಎಷ್ಟೊಂದಿದೆ. ನಿಮ್ ತಂಗಿ ಮದುವೆ ವಿಡಿಯೋದಲ್ಲೂ ಓಡಾಡ್ತಾಳೆ… ಹೌದು, ಗೊತ್ತು, ಅದ್ರ ಮೇಲೆಲ್ಲ ಹಾಡು ಹಾಕ್ಬುಟ್ಟಿದಾರೆ. ಬಾಯಿ ಆಡುತ್ತೆ, ಮಾತು ಕೇಳಲ್ಲ. ನನ್ ಆ ಫೋನು ನೀರಿಗೆ ಬಿದ್ದಾಗ್ಲೇ ಉಳಿದಿದ್ದೆಲ್ಲ ಹೋಯ್ತು. ಗೊತ್ತು ಕಣೆ. ನನಗೂ ಗೊತ್ತು.

ಇಲ್ಲ, ನೀನು ಕೇಳ್ತಿರೋದು ಅದಲ್ಲ. ನಿನ್ ನೋಟ ನಂಗರ್ಥ ಆಗುತ್ತೆ. ಗ್ಯಾಸ್ ಆಫ್ ಮಾಡಿದೀನಾ ಅಂತ ಬೀದಿ ಕೊನೆಯಿಂದ ವಾಪಸ್ ಬರೋ ಗಂಡಸು, ಬೀಗ ಹಾಕಿ ಮೂರು ಸಲ ಎಳೆದು ನೋಡೋನು, ಇದನ್ನ ಮರೆತ್ನಾ ಅಂತ. ಅದೇ ತಾನೇ?

ನಿಮ್ಮಮ್ಮ ಹೇಳಿದ್ರು! ಚಾಮುಂಡಮ್ಮನೋರೇ ಹೇಳಿದ್ದು, ಬೇಕಾದ್ರೆ ಫೋನ್ ಮಾಡಿ ಕೇಳು. "ಆ ಟಿವಿ ಮನೇಲಿರೋವರ್ಗೂ ನನ್ ಮಗಳು ಬದುಕಲ್ಲ ಅಳಿಯಂದ್ರೇ, ಅದನ್ನ ಮೊದ್ಲು ಆಚೆ ಹಾಕಿ" ಅಂತ. ಅವರೇನು ತಪ್ಪು ಹೇಳಿದ್ರಾ? ನೀನು ಎಂಗಾಗಿದ್ದೆ! ಬೆಳಿಗ್ಗೆ ಎದ್ರೆ ಅದು, ಊಟದ ತಟ್ಟೆ ಮುಂದಿಟ್ಕೊಂಡು ಅದು. ನಾನು ಶಿಫ್ಟಿಂದ ಬಂದು ಮೆಟ್ಲು ಹತ್ತುತಿದ್ರೆ ಅವಳ ದನಿ ಕೇಳೋದು…

ಇಲ್ಲ. ಅವರನ್ನ ಯಾಕೆ ಎಳೀತಿದೀನಿ. ಅವರು ಟಿವಿ ಅಂದ್ರು, ಅಷ್ಟೇ. ಪೆನ್‌ಡ್ರೈವ್ ಅನ್ಲಿಲ್ಲ.

ಮರೀಲಿಲ್ಲ ಕಣೆ. ನೋಡ್ದೆ.

ಇಬ್ರು ಬಂದಿದ್ರು. ಒಬ್ಬ ಟಿವೀನ ಗೋಡೆಯಿಂದ ಇಳಿಸಿ ಬೋರಲು ಮಲಗ್ಸಿದ, ಇಲ್ಲೇ, ಈ ಚಾಪೆ ಮೇಲೆ. ಬೆನ್ನು ಮೇಲೆ. ನಿನ್ ಕೆಂಪು ದಾರ ಎದ್ದು ಕಾಣ್ತಿತ್ತು. ಅವ್ನು ಒಳ್ಳೆಯೋನು, ಕೇಳ್ದ ಕಣೆ, ಬಾಯ್ಬಿಟ್ಟು ಕೇಳ್ದ. "ಸಾರ್, ಇದ್ರಲ್ಲಿ ನಿಮ್ದು ಏನಾದ್ರೂ ತಗೊಳೋದಿದ್ಯಾ?" ಅಂತ. ಕೈ ಚಾಚಿದ್ರೆ ಸಿಗ್ತಿತ್ತು. ಏನಿಲ್ಲಪ್ಪ, ತಗೊಂಡೋಗಿ ಅಂದೆ. ಕಾಗದ ಕೊಟ್ಟ, ಸೈನ್ ಹಾಕ್ದೆ.

ಯಾಕೆ ಅಂತ ಕೇಳ್ಬೇಡ. ಕೇಳು. ಕೇಳ್ಬೇಕು ನೀನು. ಅವಳು ಕೊನೇಲಿ ಏನಂತಾಳೆ ಹೇಳು? "ಈಗೊಂದು ಚಿಕ್ಕ ವಿರಾಮ. ಎಲ್ಲೂ ಹೋಗಬೇಡಿ, ಈಗ ಬಂದೆ" ಅಂದ್ಬುಟ್ಟು ಡಬ್ಬದೊಳಗಿಂದ ಮುಖ ಈಚೆಗೆ ತೆಗೀತಾಳೆ. ಖಾಲಿ ಡಬ್ಬ ಉಳಿಯುತ್ತೆ, ಒಂದು ಹತ್ತು ಸೆಕೆಂಡು. ವಿಡಿಯೋ ತೆಗೀತಿದ್ದ ನಾನು ಫೋನು ಆಫ್ ಮಾಡೋವರ್ಗೂ. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಪ್ರತಿಸಲಾನೂ ನೀನು ಆ ಖಾಲಿ ಡಬ್ಬಾನೇ ನೋಡ್ಕೊಂಡು ಕಾಯ್ತಿದ್ದೆ. ಕಾಯ್ತಿದ್ದೆ ಸುಷ್ಮಿ, ಇಲ್ಲ ಅನ್ಬೇಡ. ನಾನೂ ಬಾಗ್ಲಲ್ಲಿ ಶೂ ಬಿಚ್ಚೋದು ನಿಲ್ಸಿ ಕಾಯ್ತಿದ್ದೆ. ಈಗ ಬಂದೆ ಅಂದ್ಳಲ್ಲ ಅಂತ. ಅಂಗಡೀಲಿ ಅದಕ್ಕೇ ಅಂತ ಟಿವಿ ಆರಿಸ್ದೋನು ನಾನೇ, ಆದ್ರೆ ಆ ಕೆಂಪು ದಾರ ಕಣ್ಣಿಗೆ ಬಿದ್ದಾಗ ನಂಗಾಗ್ಲಿಲ್ಲ. ಒಬ್ಬಳನ್ನ ಕಳ್ಕೊಂಡಿದೀನಿ, ನೀನೂ ಆ ಡಬ್ಬದ ಮುಂದೇನೇ ಹೋಗ್ಬುಡ್ತೀಯ ಅನ್ನಿಸ್ತು. ನಿನ್ನ ಉಳಿಸ್ಕೊಳ್ಳಾಕೆ ಅಂತ ಹೇಳ್ಲಾ? ಪೂರ್ತಿ ನಿಜ ಅಲ್ಲ ಅದೂ. ನನ್ನ ಉಳಿಸ್ಕೊಳ್ಳಾಕೆ.

ಆವತ್ತು ಮನೆ ತಣ್ಣಗಿತ್ತು. ನೆಮ್ಮದಿ ಅನ್ನಿಸ್ತು, ಸುಳ್ಳು ಹೇಳಲ್ಲ. ಉಂಡೆ, ನಿದ್ದೆ ಬಂತು.

ಎರಡನೇ ದಿನ ಶಿಫ್ಟ್ ಬಸ್ಸಲ್ಲಿ ಬರ್ತಿದ್ದೆ. ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಸುಮ್ನೆ ಕೂತು ಅವಳನ್ನ ಮನಸಲ್ಲೇ ಮಾತಾಡ್ಸಣ ಅಂತ ನೋಡ್ದೆ. ಮುಖ ಬಂತು. ಹುಬ್ಬಿನ ಮೇಲಿನ ಗಾಯ ಬಂತು. ಹೇಳ್ತಿದ್ದ ಮಾತೂ ಬಂತು, ಒಂದಕ್ಷರ ತಪ್ಪದೆ. ದನಿ ಬರ್ಲಿಲ್ಲ ಕಣೆ. ಮಾತೆಲ್ಲ ನನ್ ದನೀಲೇ ಕೇಳ್ತಿದೆ! ಅವಳದು ತೆಳ್ಳಗಿತ್ತು, ಸ್ವಲ್ಪ ಮೂಗಲ್ಲಿ ಬರ್ತಿತ್ತು, ಅದೆಲ್ಲ ಗೊತ್ತು, ಗೊತ್ತಿದ್ರೂ ಕೇಳ್ತಿಲ್ಲ. ಸ್ಟಾಪ್ ಬಂದಿದ್ದೂ ತಿಳೀಲಿಲ್ಲ, ಮುಂದಿನ ಸ್ಟಾಪಲ್ಲಿ ಇಳ್ದು ಅಂಗಡಿಗೆ ಓಡ್ದೆ, ಬಾಗ್ಲು ಹಾಕ್ಬುಟ್ಟಿದ್ರು. ಅದಕ್ಕೇ ಗೋಡೌನಿಗೆ ಅಲೆದಿದ್ದು, ಅದಕ್ಕೇ ಗುಜರೀಲಿ ಮಂಡಿ ಊರಿದ್ದು. ನಿನ್ ಭಯಕ್ಕಲ್ಲ. ನನ್ ಕೈಯ್ಯಾರೆ ನನ್ ಮಗಳ ಬಾಯಿ ಮುಚ್ಚಿಸ್ಬುಟ್ನಲ್ಲ ಅಂತ.

ಬ್ಯಾಗ್ ಎತ್ಕೋಬೇಡ. ಹೋಗುವಂತೆ, ನಾನು ತಡೆಯಲ್ಲ. ಮೂಗೂರಿಗೆ ನಾನೇ ಬಸ್ ಹತ್ತಿಸ್ತೀನಿ. ಹೊಡಿ, ಶಾಪ ಹಾಕು, ಇನ್ನು ಜನ್ಮದಲ್ಲಿ ನನ್ ಮುಖ ನೋಡ್ಬೇಡ. ಅದಕ್ಕೆ ಮುಂಚೆ ಒಂದೇ ಒಂದು ಕೇಳ್ತೀನಿ, ನಡೆಸ್ಕೊಡು. ನೀನು ಹೆತ್ತೋಳು. ನೀನು ಅದನ್ನ ಸಾವಿರ ಸಲ ಕೇಳಿದೀಯ, ನಿನ್ ಕಿವೀಲಿ ಇದ್ದೇ ಇರುತ್ತೆ. ಅವಳು ಸ್ಕೂಲಿಂದ ಬಂದು ಕೆಳಗಿಂದಾನೇ ಅಪ್ಪಾ ಅಂತ ಕೂಗ್ತಿದ್ಳಲ್ಲ… ಅದನ್ನ ಒಂದ್ಸಲ ಅವಳಂಗೆ ಕೂಗೇ. ನಾನು ಆ ಕಡೆ ತಿರುಕ್ಕೊತೀನಿ, ನಿನ್ ಮುಖ ನೋಡಲ್ಲ. ಒಂದೇ ಸಲ.

ಕೂಗು.

ಸುಷ್ಮಿ… ಬಾಯಿ ತೆಗ್ದೆ ನೀನು, ಗೊತ್ತಾಯ್ತು ನಂಗೆ. ಯಾಕೆ ನಿಲ್ಸ್‌ಬುಟ್ಟೆ? ಕೂಗು, ಪರ್ವಾಗಿಲ್ಲ, ಸರಿಯಾಗಿ ಬರ್ದಿದ್ರೂ ಪರ್ವಾಗಿಲ್ಲ…

ಏನಾಯ್ತು?

ನಿಂಗೂ ಬರ್ತಿಲ್ವಾ?